ಪುತ್ರಶೋಕ ಮತ್ತು ಸಾಂತ್ವನ: ಕನ್ನಡ ಜೈನಕಾವ್ಯ ಹಾಗೂ ಶಾಸನಗಳಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು

'ಪುತ್ರಶೋಕಂ ನಿರಂತರಂ' ಎಂಬ ಮಾತು ಕನ್ನಡನಾಡಿನಲ್ಲಿ ಗಾದೆಯಷ್ಟೇ ಬಳಕೆಯಲ್ಲಿದೆ. ಉಳಿದ ಸಾವುಗಳ ದುಃಖಕ್ಕೆ ಕಾಲವೇ ಮದ್ದು, ಮಕ್ಕಳ ಸಾವಿನ ದುಃಖಕ್ಕೆ ಮದ್ದಿಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಮದ್ದಿಲ್ಲವೆಂದು ತಿಳಿದೂ ಜನರು ಅಂಥ ಮನೆಗೆ ಹೋಗುವುದನ್ನು ಬಿಟ್ಟಿಲ್ಲ, ಕವಿಗಳು ಆ ದುಃಖವನ್ನು ಕುರಿತು ಬರೆಯುವುದನ್ನು ನಿಲ್ಲಿಸಿಲ್ಲ, ಕಲ್ಲುಕುಟಿಗರು ಅದನ್ನು ಕಲ್ಲಿನಲ್ಲಿ ಕಡೆಯದೆ ಬಿಟ್ಟಿಲ್ಲ. ಮಗುವನ್ನು ಕಳೆದುಕೊಂಡ ತಂದೆತಾಯಿಗಳ ಮುಂದೆ ಏನನ್ನು ಹೇಳಬಹುದು, ಏನನ್ನು ಮಾಡಬಹುದು ಎಂಬ ಪ್ರಶ್ನೆಗೆ ಪ್ರಾಚೀನ ಕನ್ನಡದ ಜೈನಕಾವ್ಯಗಳೂ ಶಾಸನಗಳೂ ಕೊಟ್ಟಿರುವ ಉತ್ತರಗಳು ಒಂದೇ ಬಗೆಯವಲ್ಲ. ಅವುಗಳ ನಡುವಣ ವ್ಯತ್ಯಾಸದಲ್ಲಿಯೇ ಅವುಗಳ ಮಹತ್ತ್ವವಿದೆ.

ಶಾಸ್ತ್ರದ ಮಾತು

ಜೈನ ಸಿದ್ಧಾಂತವು ಶೋಕದ ವಿಷಯದಲ್ಲಿ ನಿಷ್ಠುರವಾದುದು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನ ಎಂಬ ಆರನ್ನು ಎಣಿಸುತ್ತದೆ. ಇವುಗಳನ್ನು ತಾನು ಅನುಭವಿಸಿದರೂ ಇತರರಲ್ಲಿ ಉಂಟುಮಾಡಿದರೂ ಫಲ ಒಂದೇ. ಒಂಬತ್ತನೆಯ ಅಧ್ಯಾಯದಲ್ಲಿ ಇಷ್ಟವಿಯೋಗದ ನಿರಂತರ ಚಿಂತನೆಯು ಆರ್ತಧ್ಯಾನದ ಒಂದು ಭೇದವಾಗಿ ಬರುತ್ತದೆ. ಎಂದರೆ, ಸತ್ತ ಮಗುವಿಗಾಗಿ ಅಳುವ ತಾಯಿಯು ಮುಂದಿನ ದುಃಖಕ್ಕೂ ತಾನೇ ಬೀಜ ಬಿತ್ತುತ್ತಿದ್ದಾಳೆ ಎಂದಾಗುತ್ತದೆ. ಈ ಮಾತನ್ನು ಹೆಣದ ಮುಂದೆ ಕುಳಿತ ತಾಯಿಗೆ ಹೇಳುವವರಾರು? ಹೇಳಿದರೆ ಅದು ಸಾಂತ್ವನವಾದೀತೇ?

ಇದೇ ಸೂತ್ರಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬರೆದ ವ್ಯಾಖ್ಯಾನವು ಇಲ್ಲಿ ನೆರವಿಗೆ ಬರುತ್ತದೆ. ಅವರು ಶೋಕವನ್ನು ಕೇವಲ ದೌರ್ಬಲ್ಯವೆಂದು ತಳ್ಳಿಹಾಕುವುದಿಲ್ಲ. ಉಪಕಾರಕವಾದ ಸಂಬಂಧವೊಂದು ಕಡಿದುಹೋದಾಗ ಉಂಟಾಗುವ ವಿಶೇಷವಾದ ಕಳವಳವೆಂದು ಅದನ್ನು ಲಕ್ಷಣೀಕರಿಸುತ್ತಾರೆ. ಹಾಗಾದರೆ ಶೋಕದ ಮೂಲದಲ್ಲಿರುವುದು ಸಂಬಂಧ. ಅದೇ ಸಂದರ್ಭದಲ್ಲಿ ಅವರು ಇನ್ನೊಂದು ಆಕ್ಷೇಪವನ್ನು ಎತ್ತಿಕೊಳ್ಳುತ್ತಾರೆ: ದುಃಖ ಕೊಡುವುದೆಲ್ಲ ಪಾಪಕ್ಕೆ ಕಾರಣವಾದರೆ ಕೇಶಲೋಚ, ಉಪವಾಸ ಮೊದಲಾದವುಗಳ ಗತಿಯೇನು? ಇದಕ್ಕೆ ಅವರು ಕೊಡುವ ದೃಷ್ಟಾಂತ ವೈದ್ಯನದು. ಕರುಣೆಯುಳ್ಳ ವೈದ್ಯನು ಹುಣ್ಣನ್ನು ಶಸ್ತ್ರದಿಂದ ಸೀಳುವಾಗ ರೋಗಿಗೆ ನೋವಾಗುವುದು ನಿಜ. ಆದರೆ ಆ ನೋವಿನ ನಿಮಿತ್ತದಿಂದ ಅವನಿಗೆ ಪಾಪಬಂಧವಿಲ್ಲ. ಮನಸ್ಸಿನ ಉದ್ದೇಶವೇ ಇಲ್ಲಿ ಪ್ರಧಾನ. ಸಗರ ಚಕ್ರವರ್ತಿಯ ಕಥೆಯನ್ನು ಓದುವಾಗ ಈ ವೈದ್ಯನನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಗರನ ಮುಂದೆ ನಿಂತ ವೃದ್ಧ

ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಅಜಿತನಾಥ ತೀರ್ಥಂಕರರ ಚರಿತೆಯೊಡನೆ ಎರಡನೆಯ ಚಕ್ರವರ್ತಿಯಾದ ಸಗರನ ಕಥೆ ಬರುತ್ತದೆ. ಅದರ ಆರಂಭವಿರುವುದು ಸಗರನ ಹಿಂದಿನ ಭವದಲ್ಲಿ. ಜಯಸೇನನೆಂಬ ಅರಸನಿಗೆ ರತಿಷೇಣ, ಧೃತಿಷೇಣ ಎಂಬ ಇಬ್ಬರು ಮಕ್ಕಳು. ರತಿಷೇಣನು ಸತ್ತಾಗ ತಂದೆ ಶೋಕದಿಂದ ಕುಸಿದು, ಕೊನೆಗೆ ರಾಜ್ಯವನ್ನು ಧೃತಿಷೇಣನಿಗೆ ಒಪ್ಪಿಸಿ, ಆಪ್ತನಾದ ಮಹಾರುತನೊಡನೆ ದೀಕ್ಷೆ ವಹಿಸುತ್ತಾನೆ. ಇಬ್ಬರೂ ಅಚ್ಯುತಕಲ್ಪದಲ್ಲಿ ದೇವರಾಗಿ ಹುಟ್ಟುತ್ತಾರೆ. ತಮ್ಮಲ್ಲಿ ಯಾರು ಮೊದಲು ಮನುಷ್ಯಲೋಕಕ್ಕೆ ಇಳಿಯುವರೋ ಅವರನ್ನು ಇನ್ನೊಬ್ಬರು ಎಚ್ಚರಿಸಬೇಕೆಂದು ಅವರಲ್ಲಿ ಒಡಂಬಡಿಕೆಯಾಗುತ್ತದೆ. ಜಯಸೇನನ ಜೀವ ಅಯೋಧ್ಯೆಯಲ್ಲಿ ಸಗರನಾಗಿ ಹುಟ್ಟಿತು. ಮಹಾರುತನ ಜೀವ ಮಣಿಕೇತುವೆಂಬ ದೇವನಾಗಿ ಸ್ವರ್ಗದಲ್ಲಿಯೇ ಉಳಿಯಿತು.

ಒಂದು ಭವದಲ್ಲಿ ಒಬ್ಬ ಮಗನ ಸಾವಿನಿಂದ ವೈರಾಗ್ಯ ಹೊಂದಿದ ಜೀವಕ್ಕೆ ಇನ್ನೊಂದು ಭವದಲ್ಲಿ ಅರವತ್ತು ಸಾವಿರ ಮಕ್ಕಳು! ಆ ಮಕ್ಕಳ ಮೇಲಣ ಮೋಹವೇ ಸಗರನನ್ನು ಕಟ್ಟಿಹಾಕಿತ್ತು. ಮಣಿಕೇತುವು ಮೊದಲು ಹಿಂದಿನ ಒಡಂಬಡಿಕೆಯನ್ನು ನೇರವಾಗಿ ನೆನಪಿಸಿದನು. ಅದು ಫಲಿಸಲಿಲ್ಲ. ಮುನಿಯ ರೂಪದಲ್ಲಿ ಬಂದು ಬೋಧಿಸಿದನು. ಅದೂ ಫಲಿಸಲಿಲ್ಲ. ಅಷ್ಟರಲ್ಲಿ ಸಗರನ ಮಕ್ಕಳು ತಂದೆಯಲ್ಲಿ ಕೆಲಸ ಬೇಡಿ, ಭರತನು ಕೈಲಾಸದಲ್ಲಿ ಕಟ್ಟಿಸಿದ ಜಿನಾಲಯಗಳ ರಕ್ಷಣೆಗೆಂದು ಪರ್ವತದ ಸುತ್ತ ಗಂಗೆಯ ಅಗಳನ್ನು ತೋಡಲು ಹೋದರು. ಮಣಿಕೇತುವು ಕ್ರೂರಸರ್ಪದ ರೂಪ ತಾಳಿ ಅವರನ್ನು ಬೂದಿಯಾದವರಂತೆ ಮಾಡಿದನು. ಮಂತ್ರಿಗಳಿಗೆ ಸುದ್ದಿ ತಿಳಿಯಿತು. ಅರಸನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕಥೆಯ ಮರ್ಮ ಇರುವುದು ಈ ಮೌನದ ನಡುವೆ. ಮಣಿಕೇತುವು ವೃದ್ಧ ಬ್ರಾಹ್ಮಣನಾಗಿ ಅಳುತ್ತ ಸಗರನ ಮುಂದೆ ಬರುತ್ತಾನೆ. ತನ್ನ ಒಬ್ಬನೇ ಮಗನನ್ನು ಯಮನು ಒಯ್ದನೆಂದೂ ಭೂಮಂಡಲವನ್ನೇ ಕಾಪಾಡುವ ಚಕ್ರವರ್ತಿ ಅವನನ್ನು ಮರಳಿ ತಂದುಕೊಡಬೇಕೆಂದೂ ಮೊರೆಯಿಡುತ್ತಾನೆ. ಸಗರನು ಅವನ ಮುಗ್ಧತೆಗೆ ನಕ್ಕು, ಯಮನನ್ನು ತಡೆಯಬಲ್ಲವರು ಸಿದ್ಧರು ಮಾತ್ರವೆಂದೂ ಶೋಕವನ್ನು ಬಿಟ್ಟು ದೀಕ್ಷೆ ವಹಿಸುವುದೇ ದಾರಿಯೆಂದೂ ಹೇಳುತ್ತಾನೆ. ಆಗ ವೃದ್ಧನು ಆ ಮಾತನ್ನೇ ಹಿಡಿದುಕೊಂಡು, ಇದು ನಿಜವಾದರೆ ನಿನ್ನ ಮಕ್ಕಳೂ ಕೈಲಾಸದಲ್ಲಿ ಸತ್ತಿದ್ದಾರೆ, ನೀನೂ ಹಾಗೆಯೇ ಮಾಡು ಎನ್ನುತ್ತಾನೆ. ಸಗರನು ಮೂರ್ಛೆಹೋಗುತ್ತಾನೆ.

ಸಗರನಿಗೆ ಸಾಂತ್ವನದ ವಾಕ್ಯಗಳು ಗೊತ್ತಿರಲಿಲ್ಲವೆಂದಲ್ಲ. ಎಲ್ಲವೂ ಗೊತ್ತಿದ್ದವು. ಇನ್ನೊಬ್ಬ ತಂದೆಗೆ ಅವನು ಅವನ್ನು ನಿರರ್ಗಳವಾಗಿ ಹೇಳಬಲ್ಲವನಾಗಿದ್ದನು. ಅವೇ ವಾಕ್ಯಗಳು ತನ್ನ ಕಡೆಗೆ ತಿರುಗಿದಾಗ ಅವನು ನೆಲಕ್ಕೆ ಬಿದ್ದನು. ಪರರ ಮಗುವಿನ ಸಾವಿಗೆ ಹೇಳುವ ತತ್ತ್ವಕ್ಕೂ ತನ್ನ ಮಗುವಿನ ಸಾವಿನಲ್ಲಿ ಎದುರಾಗುವ ತತ್ತ್ವಕ್ಕೂ ಇರುವ ಅಂತರವನ್ನು ಪುರಾಣವು ಈ ಒಂದು ಸಂದರ್ಭದಲ್ಲಿ ತೋರಿಸಿಬಿಡುತ್ತದೆ. ಸಂತೈಸಲು ಹೋಗುವವರೆಲ್ಲರೂ ನೆನೆಯಬೇಕಾದ ಸಂದರ್ಭವಿದು. ಆದರೆ ಮಣಿಕೇತುವಿನ ಉಪಾಯದಲ್ಲಿ ಇನ್ನೊಂದು ಅಂಶವೂ ಇದೆ. ಅವನು ಉಪದೇಶಕನಾಗಿ ಬಂದಾಗ ಸಗರನು ಕೇಳಲಿಲ್ಲ. ಮಗನನ್ನು ಕಳೆದುಕೊಂಡ ಇನ್ನೊಬ್ಬ ತಂದೆಯಾಗಿ ಬಂದಾಗ ಕೇಳಿದನು. ಸಮದುಃಖಿಯ ಮಾತಿಗೆ ಇರುವ ಪ್ರವೇಶ ಗುರುವಿನ ಮಾತಿಗೂ ಇಲ್ಲದೆ ಹೋಗಬಹುದೆಂಬುದನ್ನು ಪುರಾಣಕಾರರು ಬಲ್ಲರು.

ಎಚ್ಚೆತ್ತ ಸಗರನು ಭಗೀರಥನಿಗೆ ರಾಜ್ಯವನ್ನು ಕೊಟ್ಟು ದೀಕ್ಷೆ ವಹಿಸಿದ ಮೇಲೆ ಮಣಿಕೇತುವು ಮಾಯೆಯನ್ನು ಹಿಂತೆಗೆದುಕೊಂಡು ಮಕ್ಕಳನ್ನು ಎಬ್ಬಿಸುತ್ತಾನೆ. ತಂದೆಯ ವೃತ್ತಾಂತವನ್ನು ಕೇಳಿ ಅವರೂ ದೀಕ್ಷಿತರಾಗುತ್ತಾರೆ. ಪೂಜ್ಯಪಾದರ ವೈದ್ಯನಂತೆ ಮಣಿಕೇತುವೂ ಸೀಳಿ ಗುಣಪಡಿಸಿದನೆನ್ನಬಹುದು. ಆದರೆ ಈ ಕಥೆಯನ್ನು ಕೇಳುವ ತಂದೆತಾಯಿಗಳ ಮನೆಯಲ್ಲಿ ಮಾಯೆಯನ್ನು ಹಿಂತೆಗೆಯುವ ದೇವನಿಲ್ಲ. ಪುರಾಣದ ಸಾಂತ್ವನಕ್ಕಿರುವ ಮಿತಿ ಇದು. ಈ ಮಿತಿಯನ್ನು ಒಪ್ಪಿಕೊಂಡೇ ಅದರ ಬೆಲೆಯನ್ನು ಅರಿಯಬೇಕು.

ಅಜಿತಪುರಾಣವನ್ನು ಬರೆಯಿಸಿದ ಮನೆ

ರನ್ನನು ತನ್ನ ಅಜಿತಪುರಾಣವನ್ನು ಕ್ರಿ.ಶ. 993ರಲ್ಲಿ ಮುಗಿಸಿದನು. ಸಗರನ ಕಥೆಯೂ ಅದರಲ್ಲಿ ಅಡಕವಾಗಿದೆ. ಅದನ್ನು ಬರೆಯಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಮಲ್ಲಪನ ಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರನ್ನೂ ಚಾಲುಕ್ಯರ ದಂಡನಾಯಕನಾದ ನಾಗದೇವನಿಗೆ ಮದುವೆ ಮಾಡಿಕೊಟ್ಟಿತ್ತು. ನಾಗದೇವನು ಅಕಾಲದಲ್ಲಿ ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಸಲಹುತ್ತ, ವ್ರತನಿಯಮಗಳಲ್ಲಿ ದೇಹವನ್ನು ದಂಡಿಸುತ್ತ ಬದುಕಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದಳು. ಅಲ್ಲಿನ 1007ರ ಶಾಸನವು ಅವಳ ಕೀರ್ತಿಯನ್ನು ಹೇಳುತ್ತದೆ.

ಸಾಹಿತ್ಯಚರಿತ್ರೆಯಲ್ಲಿ ಈ ಪ್ರಸಂಗವನ್ನು ಸಾಮಾನ್ಯವಾಗಿ ಅತ್ತಿಮಬ್ಬೆಯ ವೈಧವ್ಯದ ದೃಷ್ಟಿಯಿಂದ, ಅವಳ ದಾನದ ದೃಷ್ಟಿಯಿಂದ ನೋಡುವುದು ವಾಡಿಕೆ. ಆದರೆ ಆ ದಿನ ಮಲ್ಲಪನು ಮಗಳನ್ನು ಕಳೆದುಕೊಂಡ ತಂದೆಯಾದನು, ನಾಗದೇವನ ತಂದೆ ದಲ್ಲಪನು ಮಗನನ್ನು ಕಳೆದುಕೊಂಡ ತಂದೆಯಾದನು. ಎರಡು ಮನೆಗಳ ಹಿರಿಯರು ಒಂದೇ ಚಿತೆಯ ಮುಂದೆ ನಿಂತರು. ಹೀಗೆ ಸಾವನ್ನು ಕಂಡ ಮನೆತನಕ್ಕಾಗಿ ಬರೆದ ಕಾವ್ಯದಲ್ಲಿ ಮಕ್ಕಳನ್ನು ಕಳೆದುಕೊಂಡ ಚಕ್ರವರ್ತಿಯ ಕಥೆಯಿದೆ. ಅಜಿತನಾಥರ ಪುರಾಣವೆಂದ ಮೇಲೆ ಸಗರನ ಕಥೆ ಬಂದೇ ಬರುತ್ತದೆ, ನಿಜ. ಆದರೆ ಆ ಮನೆಯವರ ಕಿವಿಗೆ ಅದು ಬೇರೆಯವರಿಗೆ ಕೇಳಿಸಿದಂತೆ ಕೇಳಿಸಿರಲಾರದು.

ಸಂತೈಸುವವರಿಲ್ಲದ ತಂದೆ

ಅದೇ ರನ್ನನು ಗದಾಯುದ್ಧದಲ್ಲಿ ಇನ್ನೊಬ್ಬ ತಂದೆಯನ್ನು ತೋರಿಸಿದ್ದಾನೆ. ಸಂಜಯನೊಡನೆ ಭೀಷ್ಮರನ್ನು ಕಾಣಲು ಹೊರಟ ದುರ್ಯೋಧನನು ರಣರಂಗದ ಹೆಣಗಳ ನಡುವೆ ನಡೆಯುತ್ತಾನೆ. ಅಲ್ಲಿ ಅಭಿಮನ್ಯುವಿನ ಶವ ಕಾಣುತ್ತದೆ. ಶತ್ರುವಿನ ಮಗನಾದರೂ ದುರ್ಯೋಧನನು ಅವನ ಸಾಹಸಕ್ಕೆ ಕೈಮುಗಿದು, ಅಂಥ ಮರಣ ತನಗೂ ದೊರೆಯಲೆಂದು ಬಯಸುತ್ತಾನೆ. ಮುಂದೆ ಅವನ ಮಗ ಲಕ್ಷಣಕುಮಾರನ ದೇಹ. ತಂದೆಗೆ ಮಗನು ಜಲಾಂಜಲಿ ಕೊಡುವುದು ಲೋಕದ ಕ್ರಮವಾಗಿರಲು, ಆ ಕ್ರಮವನ್ನು ತಲೆಕೆಳಗು ಮಾಡಿದೆಯಲ್ಲ ಎಂಬ ಅರ್ಥದಲ್ಲಿ ಅವನು ಮಗನನ್ನೇ ಕೇಳುತ್ತಾನೆ. ಮಗು ಸತ್ತಾಗ ತಂದೆತಾಯಿಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಈ ಕ್ರಮವಿಪರ್ಯಯವೇ. ರನ್ನನು ಅದಕ್ಕೆ ಯಾವ ಸಮಾಧಾನವನ್ನೂ ಜೋಡಿಸುವುದಿಲ್ಲ. ಅನಿತ್ಯಾನುಪ್ರೇಕ್ಷೆಯನ್ನು ಬೋಧಿಸಲು ಯಾವ ದೇವನೂ ಇಳಿದು ಬರುವುದಿಲ್ಲ. ಜೊತೆಯಲ್ಲಿ ಸಂಜಯನೊಬ್ಬನಿದ್ದಾನೆ. ಸ್ವಲ್ಪ ಹೊತ್ತಿನ ಮೇಲೆ ಅರಸನು ಮುಂದಿನ ಹೆಣದ ಕಡೆಗೆ ನಡೆಯುತ್ತಾನೆ.

ಅದೇ ಕಾವ್ಯದಲ್ಲಿ ಧೃತರಾಷ್ಟ್ರ ಗಾಂಧಾರಿಯರು ಉಳಿದ ಒಬ್ಬನೇ ಮಗನ ಬಳಿಗೆ ಬಂದು ಸಂಧಿ ಮಾಡಿಕೊಳ್ಳೆಂದು ಬೇಡುವ ಪ್ರಸಂಗವೂ ಇದೆ. ಮಡಿದವರು ಮಡಿದರು, ನೀನೊಬ್ಬನು ಉಳಿದರೆ ಸಾಕು ಎಂಬುದು ಅವರ ಮೊರೆಯ ಸಾರ. ಅವರು ಬಂದಿರುವುದು ಸಾಂತ್ವನವನ್ನು ಬಯಸಿಯಲ್ಲ, ಇನ್ನೊಂದು ಸಾವನ್ನು ತಡೆಯಲು. ಅದೂ ಕೈಗೂಡುವುದಿಲ್ಲ. ಪಂಪನ ವಿಕ್ರಮಾರ್ಜುನವಿಜಯದಲ್ಲಿ ಅಭಿಮನ್ಯುವಿನ ಸಾವಿನಿಂದ ಬೆಂದ ಅರ್ಜುನನ ಶೋಕವು ಸೈಂಧವನನ್ನು ಕೊಲ್ಲುವ ಪ್ರತಿಜ್ಞೆಯಾಗಿ ಮಾರ್ಪಡುತ್ತದೆ. ಲೌಕಿಕ ಕಾವ್ಯಗಳಲ್ಲಿ ಪುತ್ರಶೋಕವು ಸೇಡಾಗಿ ಹರಿಯುತ್ತದೆ, ಇಲ್ಲವೇ ಹರಿಯಲಾರದೆ ನಿಲ್ಲುತ್ತದೆ. ಆಗಮಿಕ ಕಾವ್ಯಗಳಲ್ಲಿ ಅದು ವೈರಾಗ್ಯಕ್ಕೆ ತಿರುಗುತ್ತದೆ. ಒಬ್ಬನೇ ಕವಿ ಎರಡನ್ನೂ ಬರೆದನೆಂಬುದನ್ನು ಮರೆಯಬಾರದು. ಸಗರನಿಗೆ ದೊರೆತ ಬೆಳಕು ದುರ್ಯೋಧನನಿಗೆ ದೊರೆಯಲಿಲ್ಲವೆಂದು ರನ್ನನು ಅವನ ಕಣ್ಣೀರನ್ನು ಕೀಳಾಗಿ ಕಾಣಲಿಲ್ಲ.

ದೀಕ್ಷೆಯೇ ಅಗಲಿಕೆಯಾದಾಗ

ವೈರಾಗ್ಯವು ಶೋಕಕ್ಕೆ ಮದ್ದಾಗುವುದು ಒಂದು ಬಗೆ. ಮಗನ ವೈರಾಗ್ಯವೇ ತಾಯಿಗೆ ಶೋಕವಾಗುವುದು ಇನ್ನೊಂದು. ವಡ್ಡಾರಾಧನೆಯ ಮೊದಲನೆಯ ಕಥೆಯಾದ ಸುಕುಮಾರಸ್ವಾಮಿಯ ಕಥೆ ಇದಕ್ಕೆ ನಿದರ್ಶನ. ಹನ್ನೊಂದನೆಯ ಶತಮಾನದಲ್ಲಿ ಶಾಂತಿನಾಥನು ಇದನ್ನೇ ಸುಕುಮಾರಚರಿತೆಯಾಗಿ ವಿಸ್ತರಿಸಿದನು. ಮಗನು ಮುನಿಗಳ ಸಂಪರ್ಕದಿಂದ ತಪಸ್ಸಿಗೆ ಹೋಗುವನೆಂಬ ಭವಿಷ್ಯವನ್ನು ಕೇಳಿದ ತಾಯಿ ಯಶೋಭದ್ರೆಯು ಮನೆಗೆ ಮುನಿಗಳ ಪ್ರವೇಶವನ್ನೇ ನಿಲ್ಲಿಸಿ, ಮಗನನ್ನು ಉಪ್ಪರಿಗೆಯ ಸುಖದಲ್ಲಿ ಮುಚ್ಚಿಟ್ಟು ಸಾಕುತ್ತಾಳೆ. ಆದರೂ ಮುನಿಯ ಪಠನ ಕಿವಿಗೆ ಬಿದ್ದು ಸುಕುಮಾರನು ಹೊರಟುಹೋಗುತ್ತಾನೆ. ಪ್ರತಿಮಾಯೋಗದಲ್ಲಿದ್ದ ಅವನ ಸುಕುಮಾರ ದೇಹವನ್ನು ಮರಿಗಳೊಡನೆ ಬಂದ ನರಿಯೊಂದು ಮೂರು ರಾತ್ರಿ ತಿನ್ನುತ್ತದೆ.

ಕಥೆಯ ಗುರಿ ಉಪಸರ್ಗವನ್ನು ಸಹಿಸಿದ ಮುನಿಯ ಆರಾಧನೆ. ಆದರೆ ಓದುಗನ ಮನಸ್ಸಿನಲ್ಲಿ ತಾಯಿಯೂ ಉಳಿಯುತ್ತಾಳೆ. ಅವಳು ಮಗನನ್ನು ಎರಡು ಸಲ ಕಳೆದುಕೊಂಡಳು, ಒಮ್ಮೆ ದೀಕ್ಷೆಗೆ, ಇನ್ನೊಮ್ಮೆ ಸಾವಿಗೆ. ಅವಳ ಮುಚ್ಚಿಟ್ಟ ಬಾಗಿಲುಗಳನ್ನು ಕಥೆಯು ಮೋಹವೆಂದು ತೋರಿಸುತ್ತದೆ, ಆದರೆ ಅಪಹಾಸ್ಯ ಮಾಡುವುದಿಲ್ಲ. ಕೊನೆಗೆ ಅವಳೂ ಮಗನು ಹಿಡಿದ ದಾರಿಯನ್ನೇ ಹಿಡಿದಳೆಂದು ಕಥಾಪರಂಪರೆ ಹೇಳುತ್ತದೆ.

ಮಾಚಿಕಬ್ಬೆಯ ಕಲ್ಲು

ಕಾವ್ಯದಿಂದ ಶಾಸನಕ್ಕೆ ಬಂದರೆ ಕಲ್ಪಿತ ಪಾತ್ರಗಳ ಸ್ಥಾನದಲ್ಲಿ ನಿಜವಾದ ತಾಯಂದಿರೂ ತಂದೆಯರೂ ಎದುರಾಗುತ್ತಾರೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಹೊಯ್ಸಳರಾಣಿ ಶಾಂತಲದೇವಿಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ಹೋದ ಮೇಲೆ ತಾನು ಉಳಿದಿರಲಾರೆನೆಂದು ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಒಂದು ತಿಂಗಳ ಅನಶನವ್ರತದಿಂದ ಸಮಾಧಿಮರಣವನ್ನು ಹೊಂದಿದಳೆಂದು ಶಾಸನವು ತಿಳಿಸುತ್ತದೆ. ಪ್ರಭಾಚಂದ್ರ ಸಿದ್ಧಾಂತದೇವರು, ವರ್ಧಮಾನದೇವರು, ರವಿಚಂದ್ರದೇವರು ಮತ್ತು ಭವ್ಯಜನರು ಅವಳ ಸಮೀಪದಲ್ಲಿದ್ದರು. ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಉಚ್ಚರಿಸುತ್ತಿದ್ದ ಅವಳ ಚಿತ್ರವನ್ನು ಶಾಸನಕವಿ ಬಿಡಿಸಿದ್ದಾನೆ.

ಈ ಶಾಸನವನ್ನು ಸಲ್ಲೇಖನದ ಇತರ ಶಾಸನಗಳೊಡನೆ ಸೇರಿಸಿ ಓದಿಬಿಟ್ಟರೆ ಅದರೊಳಗಿನ ಬಿಕ್ಕಟ್ಟು ಕಾಣುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬದುಕಿನ ಬಯಕೆ, ಮರಣದ ಬಯಕೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಸಾವನ್ನು ಬಯಸುವುದೂ ದೋಷ, ಪ್ರಿಯಜನರ ಮೇಲಣ ಪ್ರೀತಿಯನ್ನು ನೆನೆಯುವುದೂ ದೋಷ. ಶೋಕದಿಂದ ಪ್ರಾಣ ಬಿಡುವುದಕ್ಕೂ ಸಲ್ಲೇಖನಕ್ಕೂ ಇರುವ ಗೆರೆಯನ್ನು ಶಾಸ್ತ್ರವು ಇಷ್ಟು ಸ್ಪಷ್ಟವಾಗಿ ಎಳೆದಿದೆ. ಆದರೆ ಶಾಸನವು ವ್ರತದ ಕಾರಣವನ್ನು ಹೇಳುವಾಗ ಮಗಳ ಸಾವನ್ನೇ ಮುಂದಿಡುತ್ತದೆ. ತಾಯಿಯ ಅಳಲನ್ನು ಮರೆಮಾಚಿ, ಕೇವಲ ವೈರಾಗ್ಯದಿಂದ ವ್ರತ ಹಿಡಿದಳೆಂದು ಬರೆಯಬಹುದಾಗಿತ್ತು. ಹಾಗೆ ಬರೆಯಲಿಲ್ಲ.

ಆ ಒಂದು ತಿಂಗಳಲ್ಲಿ ಗುರುಗಳು ಅವಳಿಗೆ ಏನನ್ನು ಹೇಳಿದರೆಂಬುದನ್ನು ಕಲ್ಲು ಉಳಿಸಿಲ್ಲ. ಸಲ್ಲೇಖನದಲ್ಲಿ ನಿರ್ಯಾಪಕರ ಕೆಲಸವೆಂದರೆ ಕ್ಷಪಕನ ಮನಸ್ಸು ಆರ್ತಧ್ಯಾನಕ್ಕೆ ಜಾರದಂತೆ ಕಾಯುವುದು. ಮಗಳ ನೆನಪಿನಿಂದ ಬೆಳಗೊಳಕ್ಕೆ ಬಂದ ತಾಯಿಯ ಮನಸ್ಸನ್ನು ಪಂಚಪದಗಳ ಕಡೆಗೆ ಒಯ್ಯುವ ಹೊಣೆ ಅವರದಾಗಿತ್ತು. ಅವಳು ಆ ದಿನಗಳಲ್ಲಿ ಒಂಟಿಯಾಗಿರಲಿಲ್ಲ ಎಂಬುದನ್ನು ಮಾತ್ರ ಶಾಸನವು ಹೆಸರು ಹೆಸರಾಗಿ ದಾಖಲಿಸಿದೆ. ಆದರೂ ಈ ಸಾಂತ್ವನವು ಅವಳನ್ನು ಬದುಕಿಗೆ ಮರಳಿಸಲಿಲ್ಲ ಎಂಬುದನ್ನು ಚರಿತ್ರೆಯ ಓದುಗನು ಗಮನಿಸದೆ ಇರಲಾಗದು. ಗಂಡನನ್ನೂ ತಂಗಿಯನ್ನೂ ಕಳೆದುಕೊಂಡು ಮಗನಿಗಾಗಿ ಉಳಿದ ಅತ್ತಿಮಬ್ಬೆಯನ್ನು ಮಾಚಿಕಬ್ಬೆಯ ಪಕ್ಕದಲ್ಲಿಟ್ಟು ನೋಡಿದಾಗ, ಒಂದೇ ಧರ್ಮದ ಆಸರೆಯಲ್ಲಿ ಶೋಕವು ಎರಡು ಬೇರೆ ದಾರಿಗಳನ್ನು ಹಿಡಿದುದು ಕಾಣುತ್ತದೆ.

ಮಗಳ ಹೆಸರಿನ ಕಲ್ಲು

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಕಾವ್ಯಗುಣದಿಂದ ಅದು ಕನ್ನಡ ಶಾಸನಗಳಲ್ಲಿ ಹೆಸರಾದುದು. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ಅವಳ ಗಂಡ ಏಚನು ಮಲ್ಲಯುದ್ಧದಲ್ಲಿ ದಾಯಾದನನ್ನು ಕೊಂದುದಕ್ಕಾಗಿ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದನು. ಸುದ್ದಿ ಕೇಳಿದ ದೇಕಬ್ಬೆ ಅಗ್ನಿಪ್ರವೇಶಕ್ಕೆ ಸಿದ್ಧಳಾದಳು. ತಂದೆತಾಯಿಗಳೂ ಬಂಧುಗಳೂ ಅವಳನ್ನು ಬೇಡಿಕೊಂಡರು, ತಡೆದರು. ಅವಳು ಕೇಳಲಿಲ್ಲ.

ಸಹಗಮನದ ಶಾಸನಗಳು ಸಾಮಾನ್ಯವಾಗಿ ಸತಿಯ ಮಹಿಮೆಯನ್ನು ಹೇಳಿ ಮುಗಿಯುತ್ತವೆ. ಇಲ್ಲಿ ಮಹಿಮೆಯ ಜೊತೆಗೆ 'ಬೇಡ' ಎಂದವರ ದನಿಯೂ ಉಳಿದಿದೆ. ಆಚಾರವು ಮೆಚ್ಚುವ ಸಾವನ್ನು ತಂದೆತಾಯಿಗಳು ಮೆಚ್ಚಲಿಲ್ಲ. ಅವರಿಗೆ ಬೇಕಾಗಿದ್ದವಳು ಬದುಕಿರುವ ಮಗಳು. ಅವಳು ಹೋದ ಮೇಲೆ ಅವಳ ನೆನಪಿಗೆ ಕಲ್ಲನ್ನು ನಿಲ್ಲಿಸಿದವನು ರವಿಗನೇ. ಸತ್ತವರ ನೆನಪಿಗೆ ಉಳಿದವರು ಮಾಡುವ ಇಂಥ ಕಾರ್ಯಕ್ಕೆ ಕನ್ನಡ ಶಾಸನಗಳಲ್ಲಿ 'ಪರೋಕ್ಷವಿನಯ' ಎಂಬ ಹೆಸರಿದೆ. ಕಣ್ಣಮುಂದೆ ಇಲ್ಲದವರಿಗೆ ಸಲ್ಲಿಸುವ ಗೌರವವೆಂದು ಅದರ ಅರ್ಥ. ಬೆಳಗೊಳದಲ್ಲಿ ಗಂಗರಾಜನು ತಾಯಿ ಪೋಚಿಕಬ್ಬೆಗೂ ಹೆಂಡತಿ ಲಕ್ಷ್ಮೀಮತಿಗೂ ನಿಷಿಧಿಗಳನ್ನು ಮಾಡಿಸಿದಂತೆ, ಮಕ್ಕಳು ಹಿರಿಯರಿಗೂ ಬಾಳಸಂಗಾತಿಗಳು ಒಬ್ಬರಿಗೊಬ್ಬರೂ ಈ ಋಣವನ್ನು ಸಲ್ಲಿಸಿದ್ದಾರೆ. ತಂದೆಯೇ ಮಗಳಿಗೆ ಸಲ್ಲಿಸಿದಾಗ ಅದು ಲಕ್ಷಣಕುಮಾರನ ಮುಂದೆ ದುರ್ಯೋಧನನು ಹೇಳಿದ ಕ್ರಮವಿಪರ್ಯಯವೇ ಆಗುತ್ತದೆ.

ಶಾಸ್ತ್ರವು ಶೋಕವನ್ನು ಬಿಡೆಂದಿತು. ಪುರಾಣವು ಅದನ್ನೇ ಹೇಳಲು ಸಮದುಃಖಿಯೊಬ್ಬನನ್ನು ಕಳುಹಿಸಿತು. ಬೆಳಗೊಳದ ಗುರುಗಳು ಒಂದು ತಿಂಗಳು ಹತ್ತಿರ ಇದ್ದರು. ರವಿಗನ ಬಳಿಗೆ ಯಾರು ಬಂದರು, ಏನು ಹೇಳಿದರು ಎಂಬುದರ ದಾಖಲೆಯಿಲ್ಲ. ಮಗಳನ್ನು ತಡೆಯಲಾರದ ತಂದೆಯು ಅವಳ ಹೆಸರನ್ನು ಉಳಿಸಬಲ್ಲವನಾದನು. ಒಂಬೈನೂರು ವರ್ಷಗಳಿಗೂ ಮಿಗಿಲಾದ ಕಾಲ ಕಳೆದ ಮೇಲೂ ಬೆಳತೂರಿನ ಕಲ್ಲನ್ನು ಓದಿದವರು ದೇಕಬ್ಬೆಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಾರೆ, ಅದರ ಜೊತೆಗೇ ರವಿಗನ ಹೆಸರನ್ನೂ.